ಕಾವಲು ತಂತಿ

ದೋಣಿ ಇಂಜಿನ್‌ಗಳ ಮೇಸ್ತ್ರಿ ಉಸ್ತಾ ಫ್ರೆಜ್ ನನ್ನ ಕಾಫಿ ಅಂಗಡಿಗೆ ಬಂದವನೇ ಲಲ್ಲಾ ಬೇಯಾಳ ಎದುರಿನ ಕುರ್ಚಿಯಲ್ಲಿ ಕುಸಿದ. ನಾನು ಕೊಟ್ಟ ಲೋಟ ಅವನ ಬಲಗೈಯಲ್ಲಿ ನಡುಗಿ ಅರ್ಧ ಕಾಫಿ ಮೇಜಿಗೆ ಚೆಲ್ಲಿತು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದ ಮೇಲೆ ಆ ಕೈ ಹಾಗೆಯೇ.

“ಖಮೈಸ್‌ನ ಕೊಂದಿದ್ದು ನಾನು,” ಅಂದ. “ಠಾಣೇಲಿ ಹೇಳಿದ್ರೆ ನಗ್ತಾರೆ. ನೀನು ಹೇಳಿದ್ರೆ ನಂಬ್ತಾರೆ, ಲಲ್ಲಾ. ನನ್ನ ಮಗಳನ್ನ ಬಿಡಿಸು.”

“ಮೊದ್ಲು ಕಾಫಿ ಕುಡಿ. ಕೊಲೆಗಾರರಿಗೂ ಮೋಂಜಿ ಒಳ್ಳೆ ಕಾಫೀನೇ ಕೊಡ್ತಾನೆ.”

ಮಹದಿಯಾ ಬಂದರಿನಲ್ಲಿ ಎಲ್ಲರೂ ಗೌರವದಿಂದ ಲಲ್ಲಾ ಎನ್ನುವ ಬೇಯಾ ನಲವತ್ತು ವರ್ಷ ಬಲೆ ಹೊಲಿದವಳು. ಹರಿದ ಬಲೆ ನೋಡಿ ಯಾವ ಬಂಡೆಗೆ ಸಿಕ್ಕಿತ್ತೆಂದು ಹೇಳುವ ಹೆಂಗಸಿಗೆ ಊರಿನ ತೊಡಕುಗಳೂ ಬಂದು ಸೇರುತ್ತಿದ್ದವು. ಅವಳು ಹೋದಲ್ಲೆಲ್ಲ ಅವಳ ಮಣೆ ಹೊತ್ತು ನಾನೂ ಹೋಗುತ್ತಿದ್ದೆ. ಅಂದು ನನ್ನ ಬೆರಳು ಸುಟ್ಟಿತ್ತು. ಕಾಫಿ ಪಾತ್ರೆಯ ಮುರಿದ ಹಿಡಿಗೆ ಫ್ರೆಜ್‌ನ ಮಗ ಲೊತ್ಫಿ ಹಿಂದಿನ ಬುಧವಾರ ಕಟ್ಟಿಕೊಟ್ಟ ತಂತಿ ಗಟ್ಟಿಯಾಗಿತ್ತು, ಆದರೆ ಬೇಗ ಕಾಯುತ್ತಿತ್ತು.

ನಡೆದದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ಫ್ರೆಜ್‌ನ ಮಗಳು ರೀಮ್ ಮೀನುಗಾರ ಖಮೈಸ್‌ನ ದೋಣಿಯ ಇಂಜಿನ್ನಿಗೆ ಹೊಸ ಎಣ್ಣೆ ಹಾಕಿದಳು. ಎಣ್ಣೆ ಸೋರದಂತೆ ತಳದ ಬಿರಡೆ ಬಿಗಿದು, ಅದು ಅದುರಿ ಬಿಚ್ಚದಂತೆ ಕಾವಲು ತಂತಿ ಹೊಸೆದು ಕಟ್ಟಿದಳು. ಮಧ್ಯಾಹ್ನದ ಮೇಲೆ ದೋಣಿ ದಕ್ಕೆಯಿಂದ ಹೊರಟಿತು. ಭೂಶಿರದಾಚೆ ಎಣ್ಣೆಯೆಲ್ಲ ಸೋರಿ ಇಂಜಿನ್ ಕಚ್ಚಿಕೊಂಡು ನಿಂತಿತು, ಗಾಳಿ ದೋಣಿಯನ್ನು ಬಂಡೆಗೆ ಬಡಿಯಿತು, ಖಮೈಸ್ ಮುಳುಗಿ ಸತ್ತ. ದೋಣಿ ಎಳೆದು ತಂದಾಗ ತಂತಿ ಕಟ್ಟಿದಂತೆಯೇ ಇತ್ತು, ಅದರಡಿಯ ಬಿರಡೆ ಸಡಿಲವಾಗಿತ್ತು. ಹುಡುಗಿ ಬಿಗಿಯುವುದನ್ನು ಮರೆತು ತಂತಿ ಕಟ್ಟಿದ್ದಾಳೆ ಎಂದು ಠಾಣೆಯ ಅಧಿಕಾರಿ ತೀರ್ಮಾನಿಸಿ ಅವಳನ್ನು ಹಿಡಿದಿಟ್ಟಿದ್ದ. ಜೈಲು ಖಚಿತವಾಗಿತ್ತು.

ನಾವು ಠಾಣೆಗೆ ಹೋದೆವು. ಅಧಿಕಾರಿ ಬಿರಡೆಯನ್ನು ಕರವಸ್ತ್ರದ ಮೇಲಿಟ್ಟು ತೋರಿಸಿದ. ಬೇಯಾ ತಂತಿಯ ಮೇಲೆ ಉಗುರು ಆಡಿಸಿದಳು. ಹೊಸೆದ ಎಳೆಗಳು ಬಲಕ್ಕೆ ವಾಲಿದ್ದವು. ಬೆರಳಿಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಚಿ ಅಡಗಿಸಲಾಗಿತ್ತು.

“ಹೀಗೆ ಮಡಚೋರು ಊರಲ್ಲಿ ಎಷ್ಟು ಜನ?”

“ಫ್ರೆಜ್ ಮನೆಯೋರು ಮಾತ್ರ,” ಅಂದ ಅಧಿಕಾರಿ. “ಅದಕ್ಕೇ ಹೇಳ್ತಿರೋದು, ಅವಳದೇ ಕೈ.”

ಫ್ರೆಜ್‌ನ ಕಾರ್ಯಾಗಾರದಲ್ಲಿ ರೀಮ್ ರಿಪೇರಿ ಮಾಡಿದ್ದ ಮೂರು ಇಂಜಿನ್‌ಗಳಿದ್ದವು. ಬೇಯಾ ಮಂಡಿಯೂರಿ ಒಂದೊಂದರ ತಂತಿಯನ್ನೂ ನೋಡಿದಳು. ಕೆಲಸದ ಮೇಜಿನ ಎರಡೂ ಬದಿಗೆ ಒಂದೊಂದು ಸ್ಟೂಲು, ಎದುರುಬದುರಾಗಿ. ಮೂಲೆಯಲ್ಲಿ ಲೊತ್ಫಿ ಸಿಗರೇಟು ಸೇದುತ್ತಿದ್ದ. ಬೇರೆ ಊರಿನ ಹೋಟೆಲೊಂದರ ಕಾರು ಓಡಿಸುವವನು, ಅಪ್ಪ ಕಾರ್ಯಾಗಾರದ ಬೀಗದಕೈ ತಂಗಿಗೆ ಕೊಟ್ಟನೆಂದು ಕೇಳಿದಾಗಿನಿಂದ ಊರಲ್ಲೇ ಇದ್ದ.

“ನೀನೂ ಇಲ್ಲೇ ಕಲಿತೆಯೇನೋ?” ಬೇಯಾ ಕೇಳಿದಳು.

“ನಾನಾ? ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತಲೂ ಗೊತ್ತಿಲ್ಲ, ಲಲ್ಲಾ.”

“ಎಂಟು ವರ್ಷ ನನ್ನ ಬೆನ್ನ ಹಿಂದೆ ದೀಪ ಹಿಡ್ಕೊಂಡು ನಿಂತಿದ್ದ,” ಎಂದ ಫ್ರೆಜ್. “ದೀಪಾನೂ ನೆಟ್ಟಗೆ ಹಿಡೀತಿರ್ಲಿಲ್ಲ.”

ಮರುದಿನ ಬೇಯಾ ಎಲ್ಲರನ್ನೂ ಅದೇ ಕಾರ್ಯಾಗಾರಕ್ಕೆ ಕರೆಸಿದಳು. ಅಧಿಕಾರಿ ರೀಮ್‌ಳನ್ನು ಕರೆತಂದ. “ಮೋಂಜಿ, ಪಾತ್ರೆ ಸಮೇತ ಕಾಫಿ ತಾ,” ಎಂದು ನನಗೆ ಹೇಳಿದ್ದಳು.

“ರೀಮ್, ಒಂದು ತಂತಿ ಹೊಸಿ.”

ರೀಮ್ ಇಕ್ಕಳ ತಿರುಗಿಸಿದಳು. ಎಳೆಗಳು ಎಡಕ್ಕೆ ವಾಲಿದವು.

“ಅಪ್ಪನ ಎದುರು ಕೂತು ಕಲಿತ ಮಗು ಇದು,” ಎಂದಳು ಬೇಯಾ. “ಅವನು ಬಲಕ್ಕೆ ತಿರುಗಿಸಿದ್ದು ಇವಳ ಕಣ್ಣಿಗೆ ಎಡಕ್ಕೆ ಕಂಡಿದೆ. ಹಾಗೇ ಕಲಿತಳು. ಬಿಗಿಯಾಗಿದ್ರೆ ಸಾಕು ಅಂತ ಇವನೂ ತಿದ್ದಲಿಲ್ಲ. ಈ ಮೂರೂ ಇಂಜಿನ್ ನೋಡಿ, ಎಲ್ಲಾ ಎಡಕ್ಕೆ. ಖಮೈಸ್‌ನ ಬಿರಡೇದು ಬಲಕ್ಕೆ. ಶುಕ್ರವಾರ ಎಲ್ರೂ ನಮಾಜಿಗೆ ಹೋಗಿ ದಕ್ಕೆ ಬರಿದಾಗಿದ್ದಾಗ, ರೀಮ್ ಕಟ್ಟಿದ್ದನ್ನ ಕತ್ತರಿಸಿ, ಬಿರಡೆ ಸಡಿಲ ಮಾಡಿ, ಇನ್ಯಾರೋ ಹೊಸ ತಂತಿ ಕಟ್ಟಿದಾರೆ.”

“ಹಾಗಾದ್ರೆ ಮುದುಕಂದೇ ಕೆಲಸ?” ಎಂದ ಅಧಿಕಾರಿ.

“ನಂದೇ,” ಎಂದ ಫ್ರೆಜ್.

ಬೇಯಾ ಅವನ ಕೈಗೆ ಇಕ್ಕಳ ಕೊಟ್ಟಳು. ಅದು ಎರಡು ಸಲ ಕೆಳಗೆ ಬಿತ್ತು. ಮೂರನೇ ಸಲ ಬಿದ್ದಾಗ ರೀಮ್ ಅದನ್ನು ಎತ್ತಿ ಹಿಂದಕ್ಕಿಟ್ಟಳು.

“ಎದುರು ಕೂತೋರಿಗೆ ಕೈ ತಿರುಗುಮುರುಗಾಗಿ ಕಾಣತ್ತೆ. ಬೆನ್ನ ಹಿಂದೆ ನಿಂತೋರಿಗೆ ಇದ್ದ ಹಾಗೇ ಕಾಣತ್ತೆ.” ಬೇಯಾ ನನ್ನ ಕಾಫಿ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಹಿಡಿಯ ತಂತಿ ಬಲಕ್ಕೆ ವಾಲಿತ್ತು, ತುದಿ ಒಳಕ್ಕೆ ಮಡಚಿತ್ತು. ವಾರವಿಡೀ ಅದನ್ನೇ ಹಿಡಿದಿದ್ದ ನನಗೆ ಹೊಳೆದಿರಲಿಲ್ಲ. “ಸ್ಪ್ಯಾನರ್ ಹಿಡಿಯೋಕೆ ಬರದೇ ಇರೋನು ಇದನ್ನ ಹೇಗೋ ಕಟ್ಟಿದೆ, ಲೊತ್ಫಿ?”

ಲೊತ್ಫಿ ಬಾಗಿಲ ಕಡೆ ನೋಡಿದ. ಅಧಿಕಾರಿ ಅಲ್ಲಿ ನಿಂತಿದ್ದ.

“ದಕ್ಕೇಲೇ ಎಣ್ಣೆ ಸೋರತ್ತೆ ಅಂದ್ಕೊಂಡೆ,” ಎಂದ. “ಅವಳ ಹೆಸರು ಕೆಡತ್ತೆ, ಬೀಗದಕೈ ವಾಪಸ್ ಬರತ್ತೆ ಅಂತ. ಸಮುದ್ರದ ತನಕ ಹೋಗತ್ತೆ ಅಂತ... ವಲ್ಲಾ, ದೇವರಾಣೆ ಗೊತ್ತಿರಲಿಲ್ಲ.” ಆಮೇಲೆ ಅಪ್ಪನತ್ತ ತಿರುಗಿದ. “ಅವಳನ್ನ ಎದುರಿಗೆ ಕೂರಿಸ್ಕೊಂಡು ಕಲಿಸಿದೆ. ನನಗೆ ಎಂಟು ವರ್ಷ ಕಂಡಿದ್ದು ನಿನ್ನ ಬೆನ್ನು.”

“ನಿನಗೆ ಈಜು ಕಲಿಸಿದ್ದೇ ಖಮೈಸ್, ಅಣ್ಣಾ,” ಎಂದಳು ರೀಮ್.

ಲೊತ್ಫಿಯನ್ನು ಕರೆದೊಯ್ದ ಮೇಲೆ ಬೇಯಾ ಕೇಳಿದಳು: “ದೋಣಿ ಎಳೆದು ತಂದಾಗ ಆ ತಂತಿ ನೋಡಿದ ಕೂಡ್ಲೇ ನಿನಗೆ ಗೊತ್ತಾಗಿತ್ತು, ಅಲ್ವಾ ಉಸ್ತಾ? ಯಾರನ್ನ ಉಳಿಸೋಕೆ ನನ್ನ ಹತ್ರ ಬಂದೆ?”

“ಇಬ್ಬರನ್ನೂ.”

ಕಾಫಿ ಆರಿತ್ತು. ಪಾತ್ರೆ ತೆಗೆದುಕೊಳ್ಳಲು ನಾನು ಕೈ ಚಾಚಿದೆ, ಫ್ರೆಜ್ ಬಿಡಲಿಲ್ಲ. ನಡುಗುವ ಹೆಬ್ಬೆರಳಿನಿಂದ ಹಿಡಿಯ ತಂತಿಯನ್ನು ಬುಡದಿಂದ ತುದಿಯ ತನಕ ಸವರಿದ, ಮತ್ತೊಮ್ಮೆ ಸವರಿದ.

“ಒಂದು ಎಳೇನೂ ಸಡಿಲ ಇಲ್ಲ,” ಎಂದ. “ಚೆನ್ನಾಗಿ ಕಟ್ಟಿದಾನೆ. ಇದನ್ನ ಅವನಿಗೆ ಒಂದು ದಿನಾನೂ ಹೇಳಿರ್ಲಿಲ್ಲ, ಮೋಂಜಿ.”