ಹೆಸರು ತೆಗೆದ ಮೇಲೂ

ತಡವಾಗಿ ಬಂದವರು ಮುಂದಿನ ಸಾಲಿನಲ್ಲಿ ಕೂರಬೇಕು ಎನ್ನುವುದು ಮೇಷ್ಟ್ರ ಕಾನೂನು. ಕನ್ನಡಕದಂಗಡಿಯವಳು ಆ ವರ್ಷದ ಮೊದಲ ತರಬೇತಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದಳು, ಎರಡನೆಯದಕ್ಕೆ ಹತ್ತು. ಮೂರನೆಯದಕ್ಕೆ, ನಿಜ ಹೇಳಬೇಕೆಂದರೆ, ಬೇಗನೇ ಬಂದು, ಬೀದಿಯ ತಿರುವಿನಲ್ಲಿ ಸುಮ್ಮನೆ ನಿಂತು, ತಡ ಮಾಡಿಕೊಂಡೇ ಒಳಗೆ ಹೋದಳು.

"ಮತ್ತೆ ಬಸ್ಸು ಕೈಕೊಡ್ತಾ?" ಎಂದರು ಮೇಷ್ಟ್ರು, ಬೋರ್ಡಿನಿಂದ ತಿರುಗದೆಯೇ.

"ಇಲ್ಲ, ಇವತ್ತು ಗಡಿಯಾರ."

"ಪಾಪ. ಎಲ್ಲಾ ಸೇರ್ಕೊಂಡು ನಿಮ್ಮನ್ನ ನನ್ನ ಮುಂದೇನೇ ತಂದು ಕೂರಿಸ್ತಾವೆ."

ಕೋಣೆಯೆಲ್ಲ ನಕ್ಕಿತು. ಅವಳು ಪೆನ್ನು ಹುಡುಕುವ ನೆಪದಲ್ಲಿ ಬ್ಯಾಗಿಗೆ ಮುಖ ತೂರಿಸಿದಳು. ಮೂವತ್ತೆಂಟರ ಹೆಂಗಸು, ಹದಿನೆಂಟರವಳ ಹಾಗೆ.

ಹೆತ್ತವರಿಂದ ಬೇರೆಯಾಗಿ ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳ ಪರವಾಗಿ ಕೋರ್ಟಿನಲ್ಲಿ ಮಾತಾಡುವ ಸ್ವಯಂಸೇವಕರು ಅವರೆಲ್ಲ. ಒಬ್ಬೊಬ್ಬರಿಗೆ ಒಂದೊಂದು ಮಗು. ಎಷ್ಟೇ ಪಳಗಿದವರಾದರೂ ವರ್ಷಕ್ಕೆ ಹನ್ನೆರಡು ತಾಸು ತರಬೇತಿ ಮುಗಿಸಲೇಬೇಕು, ಇಲ್ಲದಿದ್ದರೆ ಮಗುವಿನ ಫೈಲು ಬೇರೆಯವರ ಕೈಗೆ ಹೋಗುತ್ತದೆ. ಕಲಿಸುವವರು ಮೇಷ್ಟ್ರು. ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ.

ಅವಳ ಪಾಲಿಗೆ ಬಂದವಳು ಹದಿನಾರರ ಹುಡುಗಿ. ಈಗಿರುವುದು ನಾಲ್ಕನೆಯ ಸಾಕುಮನೆ. ಎರಡು ವರ್ಷ ಬರೀ ಹೂಂ, ಉಹೂಂ ಎಂದವಳು ಇತ್ತೀಚೆಗಷ್ಟೇ "ಅಕ್ಕ" ಎನ್ನತೊಡಗಿದ್ದಳು. ಹಾಗೆ ಕರೆದ ವಾರದಲ್ಲೇ ಒಂದು ಗುಟ್ಟನ್ನೂ ಹೇಳಿದ್ದಳು.

ಮೂರನೆಯ ತರಬೇತಿ ಮುಗಿದ ಮೇಲೆ ಅವಳೂ ಮೇಷ್ಟ್ರೂ ಕೆಳಗಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿದರು. ಲೋಟ ಬರಿದಾಯಿತು. ಮೇಷ್ಟ್ರು ಬ್ಯಾಗು ಹೆಗಲಿಗೇರಿಸಿ ಎದ್ದರು. ಇನ್ನೈದು ನಿಮಿಷ ಕೂರಲಿ ಎಂದು ಅವಳ ಜೀವ ಹಪಹಪಿಸಿತು. ಮಕ್ಕಳ ಮಾತೆಂದರೆ ಅವರು ಎಲ್ಲವನ್ನೂ ಮರೆಯುತ್ತಾರೆಂದು ಅವಳಿಗೆ ಗೊತ್ತಿತ್ತು.

"ನನ್ನ ಹುಡುಗಿ ಏನು ಹೇಳಿದ್ಲು ಗೊತ್ತಾ?"

ಮೇಷ್ಟ್ರು ನಿಂತರು.

"ಹೊಸ ಮನೆಗೆ ಹೋದ ಮೊದಲನೇ ದಿನ ಬೇಕಂತಲೇ ಒಂದು ಗಾಜಿನ ಲೋಟ ಒಡೀತಾಳಂತೆ. ಕೈ ಜಾರ್ತು ಅಂತಾಳೆ. ವಾಪಸ್ ಕಳಿಸೋದಿದ್ರೆ ಅವತ್ತೇ ಕಳಿಸಲಿ, ಆ ಮನೆ ಇಷ್ಟ ಆದ್ಮೇಲೆ ಬೇಡ ಅಂತ."

ಮೇಷ್ಟ್ರು ಕುರ್ಚಿ ಎಳೆದು ಕೂತರು. ಮುಕ್ಕಾಲು ತಾಸು ಕೂತರು. ಏಳುವಾಗ ಅವಳ ಮಣಿಕಟ್ಟನ್ನು ಒಮ್ಮೆ ಹಿಡಿದು ಬಿಟ್ಟರು. "ಯಾರಿಗೂ ಹೇಳ್ಬೇಡಿ ಅಕ್ಕ" ಎಂದಿದ್ದಳು ಹುಡುಗಿ. ಮೇಷ್ಟ್ರೇನು ಯಾರೋ ಅಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಅವಳು ಬಸ್ಸು ಹತ್ತಿದಳು. ಪ್ರೀತಿಗೆ ಬಿದ್ದವರಿಗೆ ಇಂಥ ಸಮಾಧಾನಗಳು ಎಲ್ಲಿಂದ ಹೊಳೆಯುತ್ತವೋ!

ನಾಲ್ಕನೆಯ ತರಬೇತಿಗೆ ಸಾಕುತಾಯಂದಿರನ್ನೂ ಕರೆದಿದ್ದರು. ಮೇಷ್ಟ್ರು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಒಂದು ಮಗುವಿನ ಕಥೆ ಓದಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಚರ್ಚಿಸಬೇಕು. ತರಬೇತಿಯಲ್ಲಿ ಇದು ಮಾಮೂಲು.

"ಹತ್ತು ವರ್ಷದ ಹುಡುಗ. ಪ್ರತಿ ಹೊಸ ಮನೆಯಲ್ಲೂ ಮೊದಲ ದಿನ ಬೇಕೆಂದೇ ಒಂದು ಲೋಟ ಒಡೆಯುತ್ತಾನೆ..."

ಅವಳು ಹಿಂದಿರುಗಿ ನೋಡಿದಳು. ಮೂರನೆಯ ಸಾಲಿನಲ್ಲಿ ಬೇಕರಿಯ ಹೆಂಗಸು, ಹುಡುಗಿಯ ಈಗಿನ ಸಾಕುತಾಯಿ, ಹಾಳೆ ಹಿಡಿದು ಕೂತಿದ್ದಳು. ಹದಿನೆಂಟಾಗುವ ತನಕ ಹುಡುಗಿ ತನ್ನ ಹತ್ತಿರವೇ ಇರಲಿ ಎಂದು ಎರಡು ವಾರದಲ್ಲಿ ಕೋರ್ಟಿಗೆ ಬಂದು ಸಹಿ ಹಾಕಬೇಕಾದವಳು. ಬೇಕರಿಯವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು, ಮತ್ತೊಮ್ಮೆ ಓದಿದಳು.

"ಇದು ಯಾರ ಮನೆ ಮಗು ಮೇಷ್ಟ್ರೇ?"

"ಯಾರದ್ದೂ ಅಲ್ಲಮ್ಮ. ಅಭ್ಯಾಸಕ್ಕೆ ಅಂತ ಬರೆದಿದ್ದು."

ಬೇಕರಿಯವಳು ತಲೆಯಾಡಿಸಿದಳು. ಆದರೆ ಅವಳೇನು ದಡ್ಡಿಯಲ್ಲ.

ಬಿಡುವಿನಲ್ಲಿ ಇವಳು ಮೇಷ್ಟ್ರನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದಳು.

"ಹೆಸರು ಹಾಕಿಲ್ಲ ಕಣ್ರೀ," ಎಂದರು ಅವರು. "ವಯಸ್ಸು ಬದಲಾಯಿಸಿದೆ, ಹುಡುಗೀನ ಹುಡುಗ ಮಾಡಿದೆ. ಇನ್ನೇನು ಮಾಡ್ಬೇಕಿತ್ತು?"

"ಬರೀಬಾರದಿತ್ತು."

"ಇವತ್ತು ಮೂವತ್ತು ಜನ ಅಂಥ ಮಗೂನ ಬೇರೆ ಥರ ನೋಡೋದು ಕಲಿತ್ರು."

"ಆ ಮೂವತ್ತರಲ್ಲಿ ಒಬ್ರ ಮನೇಲೇ ಲೋಟ ಒಡೆದಿದ್ದು."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಬೈಯಬೇಕೆಂದು ಅವಳು ಬಾಯಿ ತೆರೆದಳು. ಆದರೆ ಯಾವ ಬಾಯಿಂದ ಬೈಯುವುದು? ಮೊದಲು ಹೇಳಿದ್ದು ಅದೇ ಬಾಯಿ.

ಬೇಕರಿಯವಳು ಒಳ್ಳೆಯವಳು. ಮನೆಗೆ ಹೋಗಿ ಇದ್ದಬದ್ದ ಲೋಟಗಳನ್ನೆಲ್ಲ ಮೇಜಿನ ಮೇಲಿಟ್ಟು, "ಎಷ್ಟು ಬೇಕಾದ್ರೂ ಒಡಿ ಮಗಳೇ, ನಾನಂತೂ ಕಳಿಸಲ್ಲ" ಎಂದು ತಬ್ಬಿಕೊಂಡಳಂತೆ. ಹುಡುಗಿ ಅಳಲಿಲ್ಲವಂತೆ. "ಯಾರು ಹೇಳಿದ್ದು?" ಎಂದಷ್ಟೇ ಕೇಳಿದಳಂತೆ. ಕೇಳುವ ಅಗತ್ಯವೂ ಇರಲಿಲ್ಲ, ಗೊತ್ತಿದ್ದವರು ಒಬ್ಬರೇ. ಮರುದಿನ ಹುಡುಗಿ ಸ್ವಯಂಸೇವಕರನ್ನು ನೇಮಿಸುವ ಆಫೀಸಿಗೆ ಫೋನ್ ಮಾಡಿ ತನಗೆ ಬೇರೆಯವರು ಬೇಕು ಎಂದಳು.

ಇವಳೂ ಆಫೀಸಿಗೆ ಹೋಗಿ ತಪ್ಪು ಒಪ್ಪಿಕೊಂಡಳು. ಫೈಲು ಕೈಬಿಟ್ಟಿತು. ಹುಡುಗಿಯ ಜೊತೆ ಕೊನೆಯದೊಂದು ಭೇಟಿ ಉಳಿದಿತ್ತು.

ಆ ವಾರವಿಡೀ ಮೇಷ್ಟ್ರು ಫೋನ್ ಮಾಡಿದರು. ಏಳನೆಯ ಸಲ ಎತ್ತಿದಳು.

"ಇದನ್ನ ಹೇಳೋ ಹೊತ್ತು ಇದಲ್ಲ, ಗೊತ್ತು," ಎಂದರು. "ಆದ್ರೂ ಹೇಳ್ತೀನಿ. ನೀವಂದ್ರೆ ನನಗೆ ಪ್ರಾಣ. ಮದುವೆ ಆಗೋಣ."

ಎಷ್ಟು ದಿನದಿಂದ ಕಾದ ಮಾತು! ಕಣ್ಣು ತುಂಬಿ ಬಂತು. "ಶನಿವಾರ ಭೇಟಿ ಮುಗಿಸಿ ಬರ್ತೀನಿ. ಬಸ್ ಸ್ಟಾಪ್ ಹತ್ರ ಇರಿ," ಎಂದಳು. ಒಪ್ಪಿಕೊಳ್ಳಬೇಕೆಂದೇ ಇದ್ದಳು.

ಶನಿವಾರ ಬೇಕರಿಯ ಹಿಂಬದಿಯಲ್ಲಿ, ಬಿಸಿಲಿಗೆ ಒಣಹಾಕಿದ ಟ್ರೇಗಳ ಪಕ್ಕ, ಹುಡುಗಿ ಕಟ್ಟೆಯ ಮೇಲೆ ಕೂತಿದ್ದಳು.

"ಕೂತ್ಕೊಳ್ಳಿ ಮೇಡಂ," ಎಂದಳು.

ಅಕ್ಕ ಹೋಗಿ ಮೇಡಂ ಆಗಿತ್ತು.

"ಮೇಷ್ಟ್ರಿಗೆ ಯಾಕೆ ಹೇಳಿದ್ರಿ?"

ನಿನ್ನ ಒಳ್ಳೆಯದಕ್ಕೇ ಎನ್ನಬಹುದಿತ್ತು. ಅವಳು ನಿಜವನ್ನೇ ಹೇಳಿದಳು. "ಅವರು ಎದ್ದು ಹೊರಟಿದ್ರು. ಇನ್ನೈದು ನಿಮಿಷ ಇರ್ಲಿ ಅಂತ."

ಹುಡುಗಿ ಅವಳನ್ನೇ ನೋಡಿದಳು. "ಇದ್ರಾ?"

"ಇದ್ರು."

"ಅಷ್ಟು ಇಷ್ಟಾನಾ?"

"ಹೂಂ."

"ಸರಿ ಬಿಡಿ." ಹುಡುಗಿ ಎದ್ದು ಟ್ರೇಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. "ನನಗೆ ಕೋಪ ಏನಿಲ್ಲ. ನೀವೊಬ್ರು ನನಗೋಸ್ಕರ ಬರ್ತೀರ ಅಂದ್ಕೊಂಡಿದ್ದೆ. ಅಷ್ಟೇ."

ಟ್ರೇಗಳನ್ನೆತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ "ಬಂದ್ಯಾ ಮಗಳೇ" ಎಂದ ದನಿ ಕೇಳಿಸಿತು. ಹುಡುಗಿಗೆ ಮನೆಯಂತೂ ಸಿಕ್ಕಿತ್ತು.

ಬಸ್ ಸ್ಟಾಪಿನಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದರು. ಇವಳ ಮುಖ ನೋಡಿದವರೇ ಎರಡು ಹೆಜ್ಜೆ ಮುಂದೆ ಬಂದರು. "ಏನಂದ್ಲು?"

ಹೇಳಿದರೆ ಅವರು ಪಕ್ಕದಲ್ಲಿ ಕೂರುತ್ತಾರೆ. ಕೈ ಹಿಡಿಯುತ್ತಾರೆ. ಜೊತೆಗೆ ಅಳುತ್ತಾರೆ ಕೂಡ. ಆ ಕೈ ಅವಳಿಗೆ ಬೇಕಾಗಿತ್ತು, ಜಗತ್ತಿನಲ್ಲಿ ಬೇರೆ ಯಾವುದೂ ಅಷ್ಟು ಬೇಕಾಗಿರಲಿಲ್ಲ.

"ಅದನ್ನ ಹೇಳೋ ಹಾಗಿಲ್ಲ ಮೇಷ್ಟ್ರೇ."

"ನನಗೂನಾ?"

"ನಿಮಗೇ," ಎಂದಳು, ಮತ್ತು ಬಂದ ಬಸ್ಸು ಯಾವುದೆಂದೂ ನೋಡದೆ ಹತ್ತಿದಳು.