ಖಾಲಿ ಬಿಡಲಾಗದ ಕಾಲಂ

“ಎಷ್ಟು ಜನ ಹೆಂಡ್ತೀರು ರೀ ನಿಮಗೆ?”

ಸೊರಬದ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತಿದ್ದ ಮಾಳೇಶ ಬೆಚ್ಚಿ ತಲೆಯೆತ್ತಿದ. ಎದುರಿಗೆ ಶಿಕಾರಿಪುರದ ಬಸ್ಸಿಳಿದು ನೇರ ಬಂದಿದ್ದ ನೀಲಾಂಬಿಕ. ಕೈಯಲ್ಲಿ ಫ್ಲಾಪಿ, ಕಣ್ಣಲ್ಲಿ ಕೆಂಡ!

“ಒಬ್ಬಳೂ ಇಲ್ರಿ ಮೇಡಂ… ಯಾಕ್ರಿ?”

“ಹೋದ ವಾರದ ಈ ಫ್ಲಾಪಿ ತೆಗೆದು ನೋಡಿದೆ! ಗಂಡನ ಹೆಸರು ಮಾಳೇಶ… ಮಾಳೇಶ… ಮಾಳೇಶ! ಅರ್ಧ ಸೊರಬದ ಹೆಂಗಸರಿಗೆ ನೀವೇ ಗಂಡ!”

ಸಾಲಿನಲ್ಲಿ ನಿಂತವರು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಮುದುಕಿ ಹುಲಿಯಮ್ಮ ಮಾತ್ರ ಕೇಳಿಯೇಬಿಟ್ಟಳು.

“ನಂಗೂ ಇವನೇ ಏನವ್ವಾ? ಹೋಗ್ಲಿ ಬಿಡು, ನಮ್ಮನೆಯೋರಿಗಿಂತ ಚೆನ್ನಾಗಿದಾನೆ!”

ಮಾಳೇಶನ ಕಿವಿ ಕೆಂಪಾಯಿತು.

“ಗಂಡನ ಹೆಸ್ರು ಇವರ್ಯಾರೂ ಬಾಯ್ಬಿಟ್ಟು ಹೇಳಲ್ರಿ. ಹೆಸ್ರು ಹಾಕ್ದೆ ನಿಮ್ಮ ಕಂಪ್ಯೂಟ್ರು ಮುಂದಕ್ಕೆ ಹೋಗಲ್ಲ, ಚೀಟಿ ಕೊಡಲ್ಲ. ಹೊಟ್ಟೆನೋವು ಕಾಯ್ತೈತೇನ್ರಿ? ಅದಕ್ಕೇ…”

“ಅದಕ್ಕೆ ನಿಮ್ಮ ಹೆಸರೇ ಯಾಕೆ?”

“ಬೇರೆಯೋರ ಹೆಸ್ರು ಹಾಕಿದ್ರೆ ತಪ್ಪಾಗ್ತೈತಲ್ರಿ!”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ನಗುವನ್ನು ಹೇಗೋ ನುಂಗಿಕೊಂಡಳು.

ಅದು ತೊಂಬತ್ತೇಳನೇ ಇಸವಿ. ಆಸ್ಪತ್ರೆಗಳಲ್ಲಿ ರೋಗಿಗಳ ವಿವರ ದಾಖಲಿಸುವ ಸಾಫ್ಟ್‌ವೇರನ್ನು ಶಿವಮೊಗ್ಗದ ಸಣ್ಣ ಕಂಪನಿಯೊಂದು ಮಾಡಿತ್ತು. ಶಿಕಾರಿಪುರ, ಸೊರಬಗಳಲ್ಲಿ ಒಬ್ಬರೇ ಡಾಕ್ಟರು ನಡೆಸುತ್ತಿದ್ದ ಎರಡು ನರ್ಸಿಂಗ್ ಹೋಮುಗಳಲ್ಲಿ ಅದನ್ನು ನೋಡಿಕೊಳ್ಳುವ ಹೊಣೆ ನೀಲಾಂಬಿಕಳದು. ಪರದೆಯ ಮೇಲೆ ಏನೇನು ಕೇಳಬೇಕೆಂದು ತೀರ್ಮಾನಿಸಿದವಳೂ ಅವಳೇ. ಗಂಡನ ಹೆಸರಿನ ಕಾಲಂ ಖಾಲಿ ಬಿಡಕೂಡದು ಎಂದು ಹಟ ಹಿಡಿದಿದ್ದಳು. ಭೌತಶಾಸ್ತ್ರ ಓದಿದವಳಿಗೆ ಖಾಲಿ ಜಾಗ ಕಂಡರಾಗದು.

ಅವಳ ಬದುಕು ಮಾತ್ರ ಖಾಲಿಯಾಗಿಯೇ ಇತ್ತು. ಸಾಕಿದ ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಶಿಕಾರಿಪುರದ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಮಡಚಿಟ್ಟ ಟವೆಲ್ ಸಂಜೆಯೂ ಹಾಗೆಯೇ ಇರುತ್ತಿತ್ತು. ಅದನ್ನು ಕದಲಿಸಲೂ ಇನ್ನೊಂದು ಜೀವವಿರಲಿಲ್ಲ. ಅರ್ಧ ಲೋಟ ಅಕ್ಕಿಗೆ ಕುಕ್ಕರ್ ಯಾಕೆ ಎಂದು ಎಷ್ಟೋ ದಿನ ಅವಲಕ್ಕಿಯಲ್ಲೇ ಮುಗಿಸುತ್ತಿದ್ದಳು.

ಪ್ರತಿ ಗುರುವಾರ ಸೊರಬಕ್ಕೆ ಹೋಗಿ ಅಲ್ಲಿನ ವಿವರಗಳನ್ನು ಫ್ಲಾಪಿಗೆ ತುಂಬಿಕೊಂಡು ಬರಬೇಕಿತ್ತು. ಅಲ್ಲಿ ಮಾಳೇಶ ಕೇಳುತ್ತಿದ್ದ.

“ಊಟ ಆತೇನ್ರಿ ಮೇಡಂ?”

ಇಡೀ ವಾರದಲ್ಲಿ ಆ ಮಾತು ಕೇಳುತ್ತಿದ್ದವನು ಅವನೊಬ್ಬನೇ…

ಅವಳು ಎಸ್‌ಟಿಡಿ ಬೂತಿನಿಂದ ಶಿವಮೊಗ್ಗಕ್ಕೆ ಫೋನು ಮಾಡಿ ಆ ಕಾಲಂ ಬದಲಾಯಿಸಿ ಎಂದು ಬೇಡಿಕೊಂಡಳು.

“ಒಂದೂರಿಗೋಸ್ಕರ ಬದಲಾಯಿಸೋಕಾಗುತ್ತೇನ್ರೀ? ಮುಂದಿನ ಸಲ ನೋಡೋಣ,” ಎಂದರು ಕಂಪನಿಯವರು.

“ಸದ್ಯಕ್ಕೆ ಹೀಗೇ ನಡೀಲಿ. ನಾನಿದೀನಲ್ಲ,” ಎಂದು ಮಾಳೇಶನಿಗೆ ಹೇಳಿದಳು.

ಅದೇ ಮುಳುವಾಯಿತು.

ಒಂದೇ ಊರಿನ, ಒಂದೇ ವಯಸ್ಸಿನ, ಗುತ್ಯಮ್ಮ ಎಂಬ ಒಂದೇ ಹೆಸರಿನ ಇಬ್ಬರು ಹೆಂಗಸರು ಬಂದರು. ಇಬ್ಬರ ಗಂಡನೂ ಮಾಳೇಶ! ಕಂಪ್ಯೂಟರ್ ಇಬ್ಬರನ್ನೂ ಒಬ್ಬಳೆಂದೇ ತಿಳಿಯಿತು. ಒಬ್ಬಳ ರಕ್ತದ ರಿಪೋರ್ಟು ಬಸುರಿಯಾಗಿದ್ದ ಇನ್ನೊಬ್ಬಳ ಹೆಸರಿಗೆ ಸೇರಿತು. “ನನ್ನ ರಕ್ತಾನೇ ತಗಂಡಿಲ್ವಲ್ರೀ!” ಎಂದು ಆಕೆ ಕೂಗಿಕೊಂಡದ್ದರಿಂದ ಅನಾಹುತ ತಪ್ಪಿತು.

ಡಾಕ್ಟರು ಕೆರಳಿದರು. “ತಪ್ಪು ಯಾರದು? ಬರೆದು ಕೊಡಿ!”

ನೀಲಾಂಬಿಕ ಬರೆದುಕೊಟ್ಟಳು.

ಆದರೆ ಮಾಳೇಶನ ಕಿವಿಗೆ ಬಿದ್ದದ್ದು ಇಷ್ಟೇ… ‘ಮೇಡಂ ಬರೆದುಕೊಟ್ಟಿದ್ದಾರೆ.’ ಯಾರಾದರೂ ಹೋಗು ಅನ್ನುವ ಮೊದಲೇ ಅವನು ಬೀಗದ ಕೈ ಕೌಂಟರಿನ ಮೇಲಿಟ್ಟು ಹೊರಟುಹೋದ.

ಮುಂದಿನ ಗುರುವಾರ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು. ಊಟದ ಮಾತು ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಳು. ‘ಇಷ್ಟು ದಿನ ಯಾಕೆ ಬರ್ತಿದ್ದೆ ನಾನು? ಬರೀ ಫ್ಲಾಪಿಗಾ…?’

ಮರುದಿನ ಅವಳು ಮಾಳೇಶನ ಊರು ಬಂದಳಿಕೆಗೆ ಹೋದಳು.

ಹಳೆಯ ಗುಡಿಯ ಆಚೆ ಬಯಲಿನಲ್ಲಿ ಮಾಳೇಶ ಮನೆಯ ಕುರಿಗಳನ್ನು ಬಿಟ್ಟುಕೊಂಡು ನಿಂತಿದ್ದ. ಅವಳನ್ನು ಕಂಡರೂ ಮುಖ ತಿರುಗಿಸಿದ.

“ಇನ್ನೂ ಏನಾರ ಬರಕೊಡೋದು ಉಳಿದೈತೇನ್ರಿ?”

“ನನ್ನ ಮೇಲೇ ಬರ್ಕೊಂಡೆ ಮಾಳೇಶ್.”

ಅವನು ತಿರುಗಿದ.

“ಕಾಲಂ ಕಡ್ಡಾಯ ಮಾಡಿಸಿದ್ದು ನಾನು. ನಿಮ್ಮ ಹೆಸರೇ ಹಾಕ್ತಾ ಇರಿ ಅಂದದ್ದೂ ನಾನೇ. ಹಾಗಂತ ಬರೆದೆ. ಕಂಪನಿಯೋರು ಈಗ ಅದನ್ನ ಸರಿ ಮಾಡಿದಾರೆ… ನನ್ನನ್ನ ಈ ಕೆಲಸದಿಂದ ತೆಗೆದು ಶಿವಮೊಗ್ಗಕ್ಕೆ ವಾಪಸ್ ಕರೆದಿದಾರೆ. ಡಾಕ್ಟರು ನಿಮಗೆ ಸೋಮವಾರದಿಂದ ಬರೋಕೆ ಹೇಳಿದಾರೆ. ಒಂದು ಮಾತು ನನ್ನ ಕೇಳಬಹುದಿತ್ತಲ್ಲ?”

“ಕೇಳಿ, ನೀವು ಹೌದು ಅಂದಿದ್ರೆ…?” ಅವನು ಕೋಲಿನಿಂದ ನೆಲ ಗೀರಿದ. “ಅದಕ್ಕೇ ಹೆದ್ರಿದೆ ರೀ. ಕೆಲ್ಸ ಹೋದ್ರೆ ಇನ್ನೊಂದು ಸಿಗ್ತೈತಿ, ನೀವು ಸಿಗ್ತೀರೇನ್ರಿ?”

ಗುಂಪಿನಿಂದ ತಪ್ಪಿದ ಮರಿಯೊಂದು ಅರಚುತ್ತಾ ತಾಯಿಯ ಕಡೆ ಓಡಿತು.

“ಶಿವಮೊಗ್ಗಕ್ಕೆ… ಯಾವಾಗ್ರಿ?”

“ನಾಳೆ.” ಅವಳ ಕಣ್ಣು ತುಂಬಿತು. “ವಾರವೆಲ್ಲ ನಾನು ಯಾರ ಹತ್ರಾನೂ ಮಾತಾಡಲ್ಲ. ಎಲ್ಲಾನೂ ಗುರುವಾರಕ್ಕೆ ಅಂತ ಕೂಡಿಟ್ಕೋತೀನಿ. ಇನ್ಮೇಲೆ ಅದನ್ನೆಲ್ಲ ಯಾರಿಗೆ ಹೇಳ್ಲಿ?”

ಮಾಳೇಶ ಕೋಲನ್ನು ಕಲ್ಲಿಗೆ ಒರಗಿಸಿ ಹತ್ತಿರ ಬಂದ.

“ನಮ್ಮದು ಕುರಿ ಕಾಯೋ ಮನೆ ರೀ. ನಿಮ್ಮ ಮಂದಿ ಬೇರೆ. ನಿಮ್ಮ ಮನೇಲಿ ಒಪ್ತಾರಾ?”

“ನಮ್ಮ ಮನೇಲಿ ಇರೋದು ನಾನೊಬ್ಬಳೇ…” ಅವಳು ಕಣ್ಣೊರೆಸಿಕೊಂಡಳು. “ನಾನು ಒಪ್ಪಿದೀನಿ.”

ಅವನ ಮುಖ ಅರಳಿತು!

“ಹಂಗಾರೆ ನಡೀರಿ, ನಮ್ಮವ್ವನ ಹತ್ರ ಹೋಗಣ.”

“ಈಗ್ಲೇನಾ? ಅವರಿಗೆ ಏನಂತ ಹೇಳ್ತೀರಿ?”

“ಹೇಳೋದೇನೈತ್ರಿ? ಗುರುವಾರ ಬಂತಂದ್ರೆ ಎರಡೆರಡು ಸಲ ತಲೆ ಬಾಚ್ಕಂತಿದ್ದೆ. ನಮ್ಮವ್ವಗ ಯಾವಾಗ್ಲೋ ಗೊತ್ತಾಗೈತಿ!”