ಕಂದು ಬಣ್ಣದ ಮದ್ದಿನ ಕುಪ್ಪಿ

ಅಭಯನ ಎಡಗೈಯ ಬೆರಳುಗಳಿಗಾಗಿ ಎಲ್ಲರೂ ನೆಲದ ಮೇಲೆ ಹುಡುಕುತ್ತಿದ್ದರು. ಒಬ್ಬ ಮಾತ್ರ ಗೋಡೆಗೆ ಒರಗಿ ನಿಂತು ತನ್ನ ಬೇಕನ್ ರೋಲ್ ತಿಂದು ಮುಗಿಸುತ್ತಿದ್ದ. ವಹೀದಾ ಅವನಿಗೆ ಬೆನ್ನು ಹಾಕಿ ಮತ್ತೆ ಬಗ್ಗಿ ಹುಡುಕಿದಳು.

2014ರ ಅಕ್ಟೋಬರ್. ಇಂಗ್ಲೆಂಡಿನ ಕೊವೆಂಟ್ರಿಯಾಚೆಯ ಪಾಳುಬಿದ್ದ ಕಲ್ಲುಗಣಿ. ಭಾನುವಾರ ಅಲ್ಲಿ ಹಳೇ ಮಾದರಿಯ ಬಂದೂಕಿನವರ ಕ್ಲಬ್ಬು ಸೇರುತ್ತದೆ. ಇವರ ರಿವಾಲ್ವರಿಗೆ ತೋಟಾ ಇಲ್ಲ. ಒಂದೊಂದು ಗುಂಡಿಗೂ ಕರಿಮದ್ದು ಅಳೆದು ಸುರಿಯಬೇಕು. ಆ ಮದ್ದು ಇರುವುದು ಅಂಗೈಯಗಲದ ಲೋಹದ ಕುಪ್ಪಿಯಲ್ಲಿ. ಅಭಯನ ಕುಪ್ಪಿ ಅವನ ಕೈಯಲ್ಲೇ ಸಿಡಿದಿತ್ತು.

ಆಂಬುಲೆನ್ಸ್ ಹೊರಟ ಮೇಲೆ ಕೀತ್ ಬಾಯಿ ತೆರೆದ. ಕ್ಲಬ್ಬಿನ ಸುರಕ್ಷತೆ ಅವನ ಹೊಣೆ.

“ಕುಪ್ಪಿಯಿಂದ ನೇರ ರಿವಾಲ್ವರಿಗೇ ಸುರಿದಿದ್ದಾನೆ. ಹಿಂದಿನ ಗುಂಡಿನ ಕೆಂಡ ಒಳಗೆ ಉಳಿದಿರುತ್ತೆ. ಅದಕ್ಕೇ ಮೊದಲು ಅಳತೆ ಕೊಳವೆಗೆ ಸುರಿ, ಕುಪ್ಪಿ ದೂರ ಇಡು, ಆಮೇಲೆ ಕೊಳವೆಯಿಂದ ರಿವಾಲ್ವರಿಗೆ ಹಾಕು ಅಂತ ಮೊದಲ ದಿನವೇ ಹೇಳಿಕೊಡೋದು.”

“ನೀನು ನೋಡಿದೆಯಾ?” ವಹೀದಾ ಕೇಳಿದಳು.

“ಇಲ್ಲ. ಆದರೆ ಬೇರೆ ಇನ್ನೇನಿರುತ್ತೆ?”

“ಹಾಗಾದರೆ ರಿವಾಲ್ವರ್ ಮೇಲೆ ಮಸಿ ಯಾಕಿಲ್ಲ?”

“ಸಿಡಿದಾಗ ಆಚೆ ಬಿದ್ದಿರಬೇಕು.” ಕೀತ್ ಭುಜ ಕುಣಿಸಿದ. “ನೋಡು, ಲೋಹ ಯಾಕೆ ಮುರಿಯುತ್ತೆ ಅಂತ ನೋಡೋದೇ ನಿನ್ನ ಕೆಲಸ ಅಲ್ವಾ? ಪೊಲೀಸರು ನೋಡಿಯಾದ ಮೇಲೆ ಚೂರು ನಿನಗೇ ಕೊಡಿಸ್ತೀನಿ. ಅಜಾಗರೂಕತೆ ಅಂತ ಒಂದು ಮಾತು ಹೇಳಿಬಿಡು, ಮುಗಿಸೋಣ.”

ಕನ್ನಡ ಸಂಘದ ವಾಟ್ಸಾಪ್ ಗುಂಪು ಅಷ್ಟೂ ಕಾಯಲಿಲ್ಲ. ‘ಡಾಕ್ಟರ್ ಆಗಿ ಇಷ್ಟು ಬೇಜವಾಬ್ದಾರಿಯೇ?’ ಎಂದು ಬರೆದವರು ಎಜ್‌ಬಾಸ್ಟನ್ನಿನ ಚಿದಾನಂದ ಡಾಕ್ಟರು, ಸಂಘದ ಹಿರಿಯರು. ಅದರ ಕೆಳಗೆ ಕೈಮುಗಿದ ಚಿತ್ರಗಳು. ಕೈ ಕಳೆದುಕೊಂಡವನಿಗೆ ಕೈಮುಗಿದ ಚಿತ್ರ. ವಹೀದಾ ಫೋನನ್ನು ಬೋರಲು ಹಾಕಿದಳು.

ಪೊಲೀಸರು ಅದನ್ನು ಅಪಘಾತವೆಂದು ಬರೆದುಕೊಂಡು ಕೈತೊಳೆದುಕೊಂಡರು. ಕುಪ್ಪಿ ಪ್ಲಾಸ್ಟಿಕ್ ಚೀಲದಲ್ಲಿ ವಹೀದಾಳ ಅಡುಗೆಮನೆಗೆ ಬಂತು. ಬೆಸುಗೆಯ ಉದ್ದಕ್ಕೂ ಸೀಳಿ, ಹೊಟ್ಟೆ ಬಗೆದ ಮೀನಿನಂತೆ ಬಿದ್ದಿತ್ತು. ಒಂದು ಬದಿ ಸುಟ್ಟು ಕಪ್ಪಾಗಿದೆ. ಇನ್ನೊಂದು ಬದಿ ಹಳೇ ತಾಮ್ರದ ಕಂದು. ಚಿತ್ತಾರದ ಸಂದಿಯಲ್ಲಿ ಕುಂಕುಮ. ಅದರ ಪಕ್ಕ ಅದೇ ಬಣ್ಣದ ಇನ್ನೇನೋ — ಅದು ಕುಂಕುಮವಲ್ಲ. ವಹೀದಾ ಮುಖ ತಿರುಗಿಸಿದಳು. ಮತ್ತೆ ನೋಡಿದಳು.

ಅಭಯನಿಗೆ ಬಂದೂಕು ಕಲಿಸಿದ ಗುರುಗಳು ಈ ಕುಪ್ಪಿ ಕೊಡಲು ಬಂದಾಗ ಅದನ್ನು ಪರೀಕ್ಷಿಸಿದವಳು ಇವಳೇ. ಅಂದು ಮಾಡಿದ್ದನ್ನೇ ಇಂದೂ ಮಾಡಿದಳು. ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ಕಿತ್ತು ಕುಪ್ಪಿಯ ಹತ್ತಿರ ತಂದಳು.

ಟಕ್. ಮ್ಯಾಗ್ನೆಟ್ ಹಾರಿ ಅಂಟಿಕೊಂಡಿತು.

ಅಂದು ಅಂಟಿರಲಿಲ್ಲ. ತಾಮ್ರಕ್ಕೆ ಅಂಟಬಾರದಲ್ಲ?

*

ಅಭಯ ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಮಲಗಿದ್ದ. ಮೂಳೆ ವಿಭಾಗದ ಕಿರಿಯ ಡಾಕ್ಟರು. ಎಡಗೈ ದಪ್ಪ ಬ್ಯಾಂಡೇಜಿನ ಗಂಟು.

“ಬೆರಳು ಹೋಯ್ತು, ಬಿಡು,” ಅಂದ. “ಆಪರೇಷನ್ ಮಾಡೋ ಆಸೆ ಮುಗೀತು. ಆದರೆ ನಮ್ಮ ವಿಭಾಗದ ಹಿರಿಯ ಡಾಕ್ಟರು, ಕನ್ಸಲ್ಟೆಂಟ್ ಬಂದು, ‘ಇಷ್ಟು ಅಜಾಗರೂಕ ಮನುಷ್ಯನ ಕೈಗೆ ರೋಗಿಗಳನ್ನ ಹೇಗಪ್ಪಾ ಕೊಡೋದು?’ ಅಂತ ಕೇಳಿದ್ರು. ವಾರ್ಡಿನ ಕೆಲಸಕ್ಕೂ ಅನುಮಾನವಂತೆ. ವಹೀದಾ, ನಾನು ನೇರ ಸುರಿಯಲಿಲ್ಲ. ಯಾರೂ ನಂಬ್ತಿಲ್ಲ.”

“ಏನು ಮಾಡ್ತಿದ್ದೆ ಆಗ?”

“ರಿವಾಲ್ವರ್ ಸ್ಟ್ಯಾಂಡಲ್ಲಿತ್ತು. ಕೊಳವೆಗೆ ಅಳೀತಿದ್ದೆ. ಕುಪ್ಪಿಯ ಬಾಯಿ ತೆರೆಯೋ ಲಿವರ್ ಬಿಟ್ಟೆ. ಅಷ್ಟೇ.”

“ಲಿವರ್ ಸರಿ ಇತ್ತಾ?”

“ಸ್ವಲ್ಪ ಗರಗರ ಅಂತಿತ್ತು. ಪೂಜೆಗೆ ಇಟ್ಟಿದ್ರಲ್ಲ — ಕುಂಕುಮ, ಅಕ್ಷತೆ ಸಿಕ್ಕಿಕೊಂಡಿರಬೇಕು ಅಂದ್ಕೊಂಡೆ.”

“ಯಾರ ಮನೆ ಪೂಜೆ?”

“ಚಿದಾನಂದ ಸರ್ ಮನೇದು. ಪ್ರತಿವರ್ಷ ಆಯುಧಪೂಜೆಗೆ ಎಲ್ಲರ ಸಾಮಾನೂ ಅಲ್ಲಿಗೇ. ಸ್ಟೆತಸ್ಕೋಪು, ಲ್ಯಾಪ್‌ಟಾಪು, ಕಾರಿನ ಕೀ. ರಿವಾಲ್ವರ್ ಹಾಗೆಲ್ಲ ಒಯ್ಯೋ ಹಾಗಿಲ್ಲ. ‘ಖಾಲಿ ಕುಪ್ಪಿನಾದ್ರೂ ಕಳಿಸು’ ಅಂದ್ರು. ನನಗೆ ಅವತ್ತು ಆಸ್ಪತ್ರೇಲಿ ಆನ್-ಕಾಲ್ ಡ್ಯೂಟಿ ಬಿತ್ತು. ಆಶಿಷ್ ಕೈಲಿ ಕಳಿಸಿದೆ, ಅವನೇ ತಂದ.”

“ಬಂದಾಗ ಹೇಗಿತ್ತು?”

“ಹೇಗಿತ್ತು ಅಂದ್ರೆ? ಯಾವಾಗ್ಲೂ ಇರೋ ಹಾಗೆ. ಕಂದು.” ಅಭಯ ಕಣ್ಣು ಮುಚ್ಚಿದ. “ಸರ್ ನಿನ್ನೆ ಬಂದಿದ್ರು. ದ್ರಾಕ್ಷಿ ತಂದಿದ್ರು. ಎಚ್ಚರದ ಬಗ್ಗೆ ತುಂಬಾ ಹೊತ್ತು ಮಾತಾಡಿದ್ರು.”

ದ್ರಾಕ್ಷಿ ಹಾಗೇ ಇತ್ತು. ಒಂದೆರಡು ಆಗಲೇ ಕೊಳೆತು ರಸ ಬಿಟ್ಟಿದ್ದವು.

*

ಅಭಯನ ಜೊತೆ ಸೆಲ್ಲಿ ಓಕ್‌ನಲ್ಲಿ ಮನೆ ಹಂಚಿಕೊಂಡಿದ್ದ ಆಶಿಷ್ ಬಾಗಿಲಲ್ಲೇ ಬೆವೆತ.

“ಅಕ್ಕಾ, ನನ್ನ ಮೇಲೆ ಅನುಮಾನಾನಾ?”

“ಹೌದು. ಒಯ್ದವನೂ ನೀನು, ತಂದವನೂ ನೀನು. ಪೂಜೆ ನೋಡಿದೆಯಾ?”

“ಇಲ್ಲ. ಬೆಳಿಗ್ಗೆ ಕೊಟ್ಟು ಆಫೀಸಿಗೆ ಓಡಿದೆ. ಪೂಜೆಗಿಟ್ಟಿದ್ದನ್ನ ವಿಜಯದಶಮಿವರೆಗೆ ಎತ್ತಬಾರದಂತೆ. ಮಾರನೇ ದಿನ ಸರ್ ಬಾಗಿಲಲ್ಲೇ ಚೀಲ ಕೊಟ್ರು. ಗಂಟು ಹಾಕಿತ್ತು.”

“ಬಿಚ್ಚಿ ನೋಡಲಿಲ್ವಾ?”

“ಅದರಲ್ಲಿ ನೋಡೋದೇನಿದೆ? ಅವನ ಕಬ್ಬಿಣದ ಹುಚ್ಚು ಅವನಿಗೆ.”

“ಕಬ್ಬಿಣ ಅಂತ ನಿನಗೆ ಹೇಗೆ ಗೊತ್ತು?”

“ಅಯ್ಯೋ, ಮಾತಿಗಂದೆ ಅಕ್ಕಾ. ತಾಮ್ರವೋ ತಗಡೋ, ನನಗೆಲ್ಲಾ ಒಂದೇ.”

ವಹೀದಾ ಬಾಗಿಲ ಬಳಿಯ ಷೂಗಳನ್ನು ಕಾಲಿನಿಂದ ಅವನತ್ತ ಸರಿಸಿದಳು. “ಷೂ ಹಾಕು. ನೀನೂ ಬಾ.”

*

ಚಿದಾನಂದರ ಹಾಲ್ ತುಂಬ ಹಳೇ ಸಾಮಾನು. ಕಂಚಿನ ದೀಪ, ಕತ್ತಿ, ಗಂಟೆ, ಕೊಂಬು. ಯಾವುದೂ ಬಳಕೆಗಲ್ಲ, ಬಂದವರು ಬಾಯಿಬಿಟ್ಟು ನೋಡಲಿ ಎಂದು. ಅವರ ಹೆಂಡತಿ ಅಂಬುಜಾ ಕಾಫಿ ತರಲು ಒಳಗೆ ಹೋದರು. ವಹೀದಾ ಪ್ಲಾಸ್ಟಿಕ್ ಚೀಲವನ್ನು ಟೀಪಾಯಿಯ ಮೇಲಿಟ್ಟಳು.

“ಡಾಕ್ಟ್ರೇ, ಇದು ನಿಮ್ಮ ಮನೇಲಿ ಪೂಜೆಗಿಟ್ಟ ಕುಪ್ಪೀನಾ? ಕೆಡದೇ ಇರೋ ಬದಿ ನೋಡಿ ಹೇಳಿ.”

ಚಿದಾನಂದರು ಕನ್ನಡಕ ಏರಿಸಿ ಬಗ್ಗಿದರು. “ಇದೇ ಕಣಮ್ಮ. ಇದೇ ಬಣ್ಣ. ನಾನೇ ಮಂಗಳಾರತಿ ಎತ್ತಿದ್ದಲ್ವಾ? ನೋಡು, ನಾನಿಟ್ಟ ಕುಂಕುಮ ಇನ್ನೂ ಇದೆ.”

“ಖಂಡಿತಾನಾ?”

“ನೂರಕ್ಕೆ ನೂರು. ಆ ಹುಡುಗನ ಅಜಾಗರೂಕತೆ. ಏನು ಮಾಡೋಕಾಗುತ್ತೆ? ಚೀಲ ಆ ಕಡೆ ಇಡಮ್ಮ, ಕಾಫಿ ಬರುತ್ತೆ.”

ವಹೀದಾ ಎದ್ದು ಅಡುಗೆಮನೆಗೆ ಹೋದಳು.

“ಆಂಟಿ, ಪೂಜೆ ದಿನ ನಿಮಗೆ ತುಂಬಾ ಕೆಲಸ ಬಿದ್ದಿರಬೇಕು.”

“ಅಯ್ಯೋ, ಕೇಳಬೇಡಮ್ಮ. ಪಾತ್ರೆ ಬೆಳಗೋದೇ ಒಂದು ದೊಡ್ಡ ಕೆಲಸ.” ಅಂಬುಜಾ ಲೋಟ ಜೋಡಿಸುತ್ತಿದ್ದರು. “ಹಾಗೇ ಅಭಯನ ಕುಪ್ಪೀನೂ ಬೆಳಗಿಬಿಟ್ಟೆ. ಎಷ್ಟು ಕರಿಹಿಡಿದಿತ್ತು ಅಂತೀ! ಹಾಗೇ ದೇವರ ಮುಂದೆ ಇಡೋಕಾಗುತ್ತಾ? ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ ನೋಡು, ಹೊಸ ತಂಬಿಗೆ ಥರ ಫಳಫಳ. ಇವರು ಮಾತ್ರ ಎಗರಾಡಿದ್ರು. ಹಳೇ ಬಣ್ಣ ಹೋದ್ರೆ ಬೆಲೆ ಇರಲ್ವಂತೆ.”

“ಈಗೆಲ್ಲಿದೆ ಅದು?”

“ದೇವರ ಬೀರುವಿನಲ್ಲಿ. ಅಭಯ ಇವರಿಗೇ ಕೊಟ್ಟುಬಿಟ್ನಂತಲ್ಲ?” ಅವರ ಕೈ ನಿಂತಿತು. “ಕೊಟ್ಟಿದ್ದು ತಾನೇ?”

“ತರ್ತೀರಾ ಆಂಟಿ?”

ಅಂಬುಜಾ ಕಾಫಿಯ ತಟ್ಟೆಯ ಜೊತೆ ಅದನ್ನೂ ಹಾಲಿಗೆ ತಂದರು. ಎರಡನ್ನೂ ಟೀಪಾಯಿಯ ಮೇಲಿಟ್ಟರು. ಕೆಂಪಗೆ ಹೊಳೆಯುವ ಕುಪ್ಪಿ. ಪಕ್ಕದಲ್ಲೇ ಸೀಳಿದ ಕಂದು ಕುಪ್ಪಿ. ಚಿತ್ತಾರ ಒಂದೇ. ಬಾಗಿಲ ಬಳಿ ನಿಂತಿದ್ದ ಆಶಿಷ್‌ನ ಬಾಯಿ ತೆರೆದೇ ಇತ್ತು.

ವಹೀದಾ ಜೇಬಿನಿಂದ ಮ್ಯಾಗ್ನೆಟ್ ತೆಗೆದಳು. ಕಂದು ಕುಪ್ಪಿಗೆ ಅಂಟಿತು. ಹೊಳೆಯುವುದರ ಮೇಲಿಟ್ಟಳು; ಜಾರಿ ಬಿತ್ತು.

“ಮೊದಲು ನನಗೆ ಆಶಿಷ್ ಮೇಲೇ ಅನುಮಾನ,” ಅಂದಳು. “ದಾರಿಯಲ್ಲಿ ಬದಲಾಯಿಸಿರಬಹುದು. ಆದರೆ ಎಲ್ಲರೂ ಮಸಿ ನೋಡಿದರು, ಕುಂಕುಮ ನೋಡಿದರು. ಬಣ್ಣವನ್ನು ಯಾರೂ ನೋಡಲಿಲ್ಲ — ಅಭಯನ ಕುಪ್ಪಿ ಕಂದು ಅಂತ ಎಲ್ಲರಿಗೂ ಗೊತ್ತಲ್ಲ. ಪೂಜೆ ದಿನ ಅದು ಕಂದು ಇರಲಿಲ್ಲ. ಹೊಳೆಯುತ್ತಿತ್ತು. ಅದು ಅಭಯನಿಗೆ ಗೊತ್ತಿಲ್ಲ, ಆಶಿಷ್‌ಗೂ ಗೊತ್ತಿಲ್ಲ. ಗೊತ್ತಿದ್ದದ್ದು ಬೆಳಗಿದವರಿಗೆ, ಮತ್ತೆ ಮಂಗಳಾರತಿ ಎತ್ತಿದವರಿಗೆ. ದಾರಿಯಲ್ಲಿ ಬದಲಾಗಿದ್ದರೆ ನೀವು ಈಗ ಏನನ್ನಬೇಕಿತ್ತು ಡಾಕ್ಟ್ರೇ? ‘ಇದಲ್ಲ, ಅದು ಹೊಳೀತಿತ್ತು’ ಅನ್ನಬೇಕಿತ್ತು. ನೀವು ‘ಇದೇ ಬಣ್ಣ’ ಅಂದಿರಿ. ನೂರಕ್ಕೆ ನೂರು ಅಂದಿರಿ.”

ಚಿದಾನಂದರು ಕನ್ನಡಕ ಒರೆಸಿದರು. “ನೋಡಮ್ಮ, ಎಷ್ಟು ಸಲ ಕೇಳಿದೆ ಅವನನ್ನ. ಕೊಡಲಿಲ್ಲ. ಅಂಥಾ ಅಪರೂಪದ ವಸ್ತುವನ್ನ ಮಸಿ ಹಿಡಿಸಿ ಹಾಳು ಮಾಡ್ತಿದ್ದ. ಅದಕ್ಕೆ ಅದೇ ಥರದ್ದು ತರಿಸಿಟ್ಟಿದ್ದೆ. ಒಂದು ಶೋಪೀಸಿಗೆ ಒಂದು ಶೋಪೀಸು. ನಷ್ಟ ಏನು?”

“ಗೋಡೆಗೆ ನೇತುಹಾಕೋ ಕಬ್ಬಿಣದ ತಗಡು ಅದು. ಮೇಲೆ ಬಣ್ಣ. ಮದ್ದಿನ ಕುಪ್ಪಿ ತಾಮ್ರದ್ದೋ ಹಿತ್ತಾಳೆದೋ ಯಾಕಿರುತ್ತೆ ಗೊತ್ತಾ? ಕಿಡಿ ಹಾರಬಾರದು ಅಂತ. ಲಿವರ್ ಬಿಟ್ಟರೆ ಬಾಯಿ ತಾನಾಗಿ ಮುಚ್ಚಬೇಕು. ಇದರದ್ದು ಪೂರ್ತಿ ಮುಚ್ಚುತ್ತಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತು, ಕಿಡಿ ಒಳಗಿನ ಮದ್ದಿಗೆ ಹಾರಿತು.”

“ಅವನು ಅದಕ್ಕೆ ಮದ್ದು ತುಂಬ್ತಾನೆ ಅಂತ ನಾನೇನು ಕನಸು ಕಂಡಿದ್ನಾ?”

“ಮದ್ದಿನ ಕುಪ್ಪಿಗೆ ಮತ್ತಿನ್ನೇನು ತುಂಬ್ತಾರ್ರೀ, ಪಾನಕಾನಾ? ಸರಿ, ಗೊತ್ತಿರಲಿಲ್ಲ. ಸಿಡಿದ ಮೇಲೆ ಗೊತ್ತಾಯ್ತಲ್ಲ? ಆಮೇಲೆ ಗುಂಪಿನಲ್ಲಿ ಬರೆದಿರಿ. ದ್ರಾಕ್ಷಿ ಹಿಡಿದು ಹೋದಿರಿ. ಅವನಿಗೇ ಬುದ್ಧಿ ಹೇಳಿದಿರಿ.”

ಚಿದಾನಂದರು ದನಿ ತಗ್ಗಿಸಿದರು. “ನಮ್ಮ ನಮ್ಮಲ್ಲೇ ಮುಗಿಸೋಣ. ಹೊರಗಿನವರ ಮುಂದೆ ನಮ್ಮವರ ಮರ್ಯಾದೆ...”

ಅಂಬುಜಾ ಕಾಫಿಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಸಿಂಕಿಗೆ ಸುರಿದ ಸದ್ದು ಹಾಲಿನವರೆಗೂ ಕೇಳಿಸಿತು. ಒಂದೊಂದು ಲೋಟ. ಗಂಡನದ್ದೂ.

ವಹೀದಾ ಅಲ್ಲೇ ನಿಂತು ಮೊದಲು ಪೊಲೀಸರಿಗೆ, ಆಮೇಲೆ ಕೀತ್‌ಗೆ ಫೋನ್ ಮಾಡಿದಳು. ಅವರು ಬರುವವರೆಗೆ ಆ ಮನೆಯ ಸೋಫಾದ ಮೇಲೆ ಕೂರಲು ಅವಳಿಗೆ ಮನಸ್ಸಾಗಲಿಲ್ಲ.

*

ಮರುದಿನ ಅಭಯ ಎಲ್ಲ ಕೇಳಿಸಿಕೊಂಡ. ಬೈಯಲಿಲ್ಲ.

“ಕೀತ್ ಏನಂದ?”

“ತಾನು ಹೇಳಿದ್ದು ತಪ್ಪು ಅಂದ. ನಿಮ್ಮ ಕನ್ಸಲ್ಟೆಂಟಿಗೂ ತಾನೇ ಬಂದು ಹೇಳ್ತಾನಂತೆ.”

“ಅಂದ್ರೆ ನಾನು ನೇರ ಸುರಿಯಲಿಲ್ಲ.”

“ಇಲ್ಲ. ನೀನು ಸರಿಯಾಗೇ ಅಳೀತಿದ್ದೆ.”

ಅಭಯ ತಲೆಯಾಡಿಸಿದ. ಬ್ಯಾಂಡೇಜಿನ ಕೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಬಲಗೈ ಚಾಚಿ ಕಿಟಕಿಯ ಬಳಿಯ ದ್ರಾಕ್ಷಿಯ ಪೊಟ್ಟಣವನ್ನು ಅವಳತ್ತ ತಳ್ಳಿದ.

“ಇದನ್ನ ಎಸೆದುಬಿಡು. ವಾಸನೆ ಬರ್ತಿದೆ.”